ಕಾಫಿ ಕಣದಲ್ಲಿ ಫೋರ್ ವೀಲ್ ಹಾಕಿಕೊಂಡು ಗಾಡಿ ತಿರುಗಿಸಬೇಡಿ

ರೋಬಸ್ಟಾ ಕೊಯ್ಲಿನ ನಡುವೆ ಮಳೆ ಬಂದರೆ ತೋಟದವರ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ಹೋದ ಜನವರಿಯಲ್ಲಿ ಸಕಲೇಶಪುರದ ಕಡೆಯ ನಮ್ಮ ತೋಟದಲ್ಲಿ ಹಾಗೆಯೇ ಆಯಿತು. ರಾತ್ರಿ ಒಂದು ಗಂಟೆ ಹೊಯ್ದ ಮಳೆ, ಬೆಳಿಗ್ಗೆ ಚುರುಗುಟ್ಟುವ ಬಿಸಿಲು. ಹತ್ತು ಗಂಟೆಯ ಹೊತ್ತಿಗೆ ಕಣದ ಸಿಮೆಂಟು ಒಣಗಿ ಬೆಳ್ಳಗಾಗಿತ್ತು. ಕೆಳಗಿನ ತೋಟದ ದಾರಿ ಮಾತ್ರ ಇನ್ನೂ ರಾಡಿ.

ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ, ಬೇಕಾದಾಗ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ವೀಲ್ ಡ್ರೈವ್ ಪಿಕಪ್. ಹಿಂದೆ 18 ಚೀಲ ಹಣ್ಣು ಹೇರಿಕೊಂಡು, ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ ಫೋರ್ ವೀಲ್ ಲೋ ಗೇರು ಹಾಕಿ, ಆ ರಾಡಿಯಲ್ಲಿ ಒಂದು ಕಡೆಯೂ ಸಿಕ್ಕಿಕೊಳ್ಳದೆ ಮೇಲೆ ಬಂದೆ. ಅಲ್ಲಿಯವರೆಗೆ ಗಾಡಿಯ ಮೇಲೆ ಅಭಿಮಾನವೋ ಅಭಿಮಾನ. ಹಾಗೆಯೇ ಕಣಕ್ಕೆ ಹತ್ತಿಸಿ, ಗೋದಾಮಿನ ಬಾಗಿಲಿಗೆ ಹಿಂಭಾಗ ಕೊಡೋಣವೆಂದು ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಗಾಡಿ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ ಭಾರವಾಯಿತು. ಮುಂದಿನ ಚಕ್ರಗಳು ಕುಪ್ಪಳಿಸಿದವು. ಅಡಿಯಿಂದ ಟಕ್, ಟಕ್ ಎಂಬ ಸದ್ದು. ಬ್ರೇಕ್ ಹಿಡಿದುಕೊಂಡಿರಬೇಕು ಎಂದುಕೊಂಡು ಆಕ್ಸಿಲರೇಟರ್ ಒತ್ತಿದೆ. ಮಾಡಬಾರದ ಕೆಲಸ ಅದೊಂದೇ. ಢಮ್ಮೆಂದಿತು.

ಇಳಿದು ನೋಡಿದರೆ ಮುಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಒಂದು ತುದಿಯಲ್ಲಿ ಕಳಚಿಕೊಂಡು ನೇತಾಡುತ್ತಿತ್ತು. ಗ್ಯಾರೇಜಿನವರು ‘ಕ್ರಾಸ್’ ಎನ್ನುವ ಕೊಂಡಿ ಎರಡು ತುಂಡಾಗಿತ್ತು. ಬಿಚ್ಚಿಕೊಂಡ ಶಾಫ್ಟ್ ತಿರುಗುತ್ತಾ, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸಿಗೆ ಬಡಿದು ಅದರ ಮೈ ಸೀಳಿತ್ತು. ಗೇರ್ ಎಣ್ಣೆ ಸಿಮೆಂಟಿನ ಇಳಿಜಾರು ಹಿಡಿದು, ಒಣಗಲು ಹರಡಿದ್ದ ಕಾಫಿಯ ಕಡೆಗೆ ಹೊರಟಿತ್ತು. ಕಾಫಿ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ ಎಂಬುದು ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಂಗಸರು ಪೊರಕೆ ಹಿಡಿದು ಓಡಿಬಂದರೂ ಅಂಚಿನ ಎರಡು ಚೀಲದಷ್ಟು ಕಾಫಿಯನ್ನು ಬೇರೆ ಇಡಬೇಕಾಯಿತು. ರಿಪೇರಿಯ ಖರ್ಚಿಗಿಂತ ಅದೇ ನನಗೆ ಹೆಚ್ಚು ಉರಿಯಿತು.

ಮೆಕ್ಯಾನಿಕ್ ಸಾಹೇಬರು ಬಂದವರು ಗಾಡಿಯ ಅಡಿಗೆ ಬಗ್ಗಲೇ ಇಲ್ಲ. ಕಣದ ಮೇಲೆ ಚಕ್ರ ಎಳೆದಿದ್ದ ಕಪ್ಪು ಗೀರುಗಳನ್ನು ಸ್ವಲ್ಪ ಹೊತ್ತು ನೋಡಿ, “ಗೌಡರೇ, ಫೋರ್ ವೀಲ್ ತೆಗೆಯದೆಯೇ ತಿರುಗಿಸಿದಿರಾ?” ಎಂದರು. ನಾನು ತಪ್ಪೊಪ್ಪಿಕೊಂಡೆ. ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ನಾನೇ ಸೀಮೆಸುಣ್ಣ ಹಿಡಿದು ಕಣದ ಮೇಲೆ ಲೆಕ್ಕ ಹಾಕಿ ನೋಡಿದೆ.

ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹೊರಗಿನ ದೊಡ್ಡ ವೃತ್ತದಲ್ಲಿ ಹೋಗುತ್ತವೆ, ಹಿಂದಿನವು ಒಳಗಿನ ಚಿಕ್ಕ ವೃತ್ತದಲ್ಲಿ. ಮುಂದಿನ ಆಕ್ಸಲಿಗೂ ಹಿಂದಿನ ಆಕ್ಸಲಿಗೂ ನಡುವೆ 3 ಮೀಟರ್ ಅಂತರವಿದ್ದು, ಮುಂದಿನದರ ಮಧ್ಯಭಾಗ 6 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಹಿಂದಿನದು ಸುಮಾರು 5.2 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಮುಂದಿನದು ಸುಮಾರು 18.8 ಮೀಟರ್ ಹೋಗಿರುತ್ತದೆ, ಹಿಂದಿನದು 16.3 ಮೀಟರ್. ವ್ಯತ್ಯಾಸ ಎರಡೂವರೆ ಮೀಟರ್. ನನ್ನ ಟೈರಿನ ಸುತ್ತಳತೆಯೇ ಹೆಚ್ಚು ಕಡಿಮೆ ಅಷ್ಟಿದೆ. ಅಂದರೆ ಅರ್ಧ ಸುತ್ತಿಗೆ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಒಂದು ಇಡೀ ಸುತ್ತು ಹೆಚ್ಚು ಉರುಳಬೇಕು. ಆದರೆ ಲಿವರ್ ಫೋರ್ ವೀಲ್‌ಗೆ ಬಿದ್ದ ಕೂಡಲೇ ಟ್ರಾನ್ಸ್‌ಫರ್ ಕೇಸ್ ಮುಂದಿನ, ಹಿಂದಿನ ಶಾಫ್ಟ್‌ಗಳೆರಡನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗಬೇಕು, ಬೇರೆ ದಾರಿಯಿಲ್ಲ.

ರಾಡಿಯಲ್ಲಿ ಇದರ ತಂಟೆಯಿಲ್ಲ. ಚಕ್ರ ಅಲ್ಲಿಷ್ಟು ಇಲ್ಲಿಷ್ಟು ಜಾರಿ ಆ ವ್ಯತ್ಯಾಸವನ್ನು ಕಳೆದುಕೊಳ್ಳುತ್ತದೆ. ಒಣ ಸಿಮೆಂಟು ಜಾರಲು ಬಿಡುವುದಿಲ್ಲ. ಜಾರದ ಲೆಕ್ಕವೆಲ್ಲ ಶಾಫ್ಟ್, ಕ್ರಾಸ್, ಗೇರುಗಳಲ್ಲಿ ಹಗ್ಗ ಹುರಿಗೊಂಡ ಹಾಗೆ ಬಿಗಿಯುತ್ತಾ ಹೋಗುತ್ತದೆ. ಲೋ ಗೇರಿನಲ್ಲಿ ಎಂಜಿನ್ನಿನ ಬಲ ಎರಡು ಪಟ್ಟಿಗೂ ಹೆಚ್ಚಾಗಿ ಚಕ್ರಕ್ಕೆ ಬರುವುದರಿಂದ ಕೊನೆಗೆ ಯಾವುದು ಎಲ್ಲಕ್ಕಿಂತ ಬಡಪಾಯಿಯೋ ಅದು ಮುರಿಯುತ್ತದೆ.

ನಾಚಿಕೆಯ ಸಂಗತಿಯೆಂದರೆ ಗಾಡಿ ಮೊದಲೇ ಹೇಳಿತ್ತು. ಹಿಂದಿನ ವಾರವಿಡೀ ತೋಟದಿಂದ ಬಂದು ಊರಿನ ಕಾಂಕ್ರೀಟ್ ರಸ್ತೆಗೆ ಹತ್ತಿದ ಮೇಲೆ ಲಿವರ್ ಟೂ ವೀಲ್‌ಗೆ ಬರುತ್ತಿರಲಿಲ್ಲ. ಎರಡೂ ಕೈ ಹಾಕಿ ಎಳೆದಿದ್ದೇನೆ, ಕಾಲಿನಿಂದ ಒದ್ದೂ ಇದ್ದೇನೆ. ತುಕ್ಕು ಹಿಡಿದಿದೆ ಎಂದು ಗ್ರೀಸ್ ಬೇರೆ ಹಾಕಿಸಿದ್ದೆ. ಲಿವರಿನಲ್ಲಿ ಏನೂ ಇರಲಿಲ್ಲ. ಒಳಗೆ ಹುರಿ ಬಿಗಿದಿದ್ದರಿಂದ ಗೇರಿನ ಹಲ್ಲುಗಳು ಒಂದನ್ನೊಂದು ಕಚ್ಚಿಕೊಂಡಿದ್ದವು. ಅದಕ್ಕೆ ಗ್ರೀಸ್ ಬೇಡ, ಬಲವೂ ಬೇಡ. ಸ್ಟೀರಿಂಗ್ ನೇರ ಮಾಡಿ ಹತ್ತು ಮಾರು ರಿವರ್ಸ್ ಹೋಗಬೇಕು, ಇಲ್ಲವೇ ಯಾವ ತಿರುವಿನಲ್ಲಿ ಬಂದಿರೋ ಅದೇ ತಿರುವಿನಲ್ಲಿ ಹಿಂದಕ್ಕೆ ಬರಬೇಕು. ಹುರಿ ಬಿಚ್ಚಿ ಲಿವರ್ ತಾನಾಗಿ ಬರುತ್ತದೆ. ಪಕ್ಕದಲ್ಲಿ ಮಣ್ಣು, ಜಲ್ಲಿ ಇದ್ದರೆ ಅದರ ಮೇಲೆ ಚಕ್ರ ಇಳಿಸಿದರೂ ಸಾಕು. ಯಾವುದಕ್ಕೂ ಬಗ್ಗದಿದ್ದರೆ ಮುಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತುವುದುಂಟು. ಟೈರು ನೆಲ ಬಿಡುವ ಕ್ಷಣದಲ್ಲಿ ತಟ್ಟನೆ ತಾನೇ ತಿರುಗಬಹುದು, ಕೈಕಾಲು ದೂರವಿರಲಿ.

ಇನ್ನೊಂದು ತಪ್ಪು ಟೈರಿನದು. ದುಡ್ಡು ಉಳಿಸಲು ಮುಂದಿನ ಎರಡನ್ನು ಮಾತ್ರ ಹೊಸದು ಹಾಕಿಸಿ, ಹಿಂದೆ ಬೋಳಾದವನ್ನೇ ಬಿಟ್ಟಿದ್ದೆ. ಹೊಸ ಟೈರು, ಸವೆದ ಟೈರುಗಳ ಸುತ್ತಳತೆಯಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೂ ಒಂದು ಕಿಲೋಮೀಟರಿಗೆ 10 ಮೀಟರ್ ಲೆಕ್ಕ ತಪ್ಪುತ್ತದೆ. ಆಗ ತಿರುಗಿಸುವುದೇ ಬೇಡ, ನೇರ ರಸ್ತೆಯಲ್ಲೂ ಹುರಿ ಬೀಳುತ್ತದೆ. ನಾಲ್ಕೂ ಒಂದೇ ಅಳತೆಯವಿರಲಿ, ಸವೆತವೂ ಹೆಚ್ಚು ಕಡಿಮೆ ಒಂದೇ ಆಗಿರಲಿ.

ಗಾಡಿ ಮಾರಿದವನು “ಮಳೆಗಾಲದಲ್ಲಿ ಹಾಕಿಕೊಂಡೇ ಓಡಿಸಿ, ಸೇಫ್” ಎಂದಿದ್ದ. ಈ ಮಾತನ್ನು ಬಹಳ ಜನ ನಂಬಿದ್ದಾರೆ. ಮಳೆ ಬಿದ್ದ ಟಾರು ಕೆಸರಲ್ಲ. ಒದ್ದೆ ಟಾರಿಗೂ ಹುರಿ ಬೀಳುವಷ್ಟು ಹಿಡಿತ ಇದ್ದೇ ಇರುತ್ತದೆ. ಚಾರ್ಮಾಡಿ ಘಾಟಿಯಂಥ ಕಡೆ ಹೇರ್‌ಪಿನ್ ತಿರುವಿನಲ್ಲಿ ಫೋರ್ ವೀಲ್ ಬಿಗಿದಿದ್ದರೆ ಗಾಡಿ ನೀವು ತಿರುಗಿಸಿದಷ್ಟು ತಿರುಗದೆ ಹೊರ ಅಂಚಿಗೆ ಹೋಗುತ್ತದೆ. ಅಲ್ಲಿ ಮುರಿಯುವುದು ಬರೀ ಕ್ರಾಸ್ ಆಗಿರಲಾರದು. ಬ್ರೇಕ್ ಹೊಡೆದಾಗ ನಿಲ್ಲುವುದಕ್ಕೂ ಇದರಿಂದ ಅನುಕೂಲವಿಲ್ಲ.

ಎಲ್ಲ ಗಾಡಿಗಳಿಗೂ ಈ ಕಾಟವಿಲ್ಲ. ಯಾವಾಗಲೂ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿಗಳಲ್ಲಿ ನಡುವೆ, ಮುಂದಿನ, ಹಿಂದಿನ ಶಾಫ್ಟ್‌ಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಇನ್ನೊಂದು ಡಿಫರೆನ್ಷಿಯಲ್ಲೋ ಕ್ಲಚ್ಚೋ ಇದ್ದು ಈ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ನಮ್ಮ ಕಡೆ ಓಡುವ ಥಾರ್, ಜಿಪ್ಸಿ, ಜಿಮ್ನಿ, ಹೈಲಕ್ಸ್‌ಗಳಲ್ಲಿ ಅದಿಲ್ಲ. ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಬೇಕು. ಲಿವರ್ ಬದಲು ಗುಂಡಿ ಇದ್ದರೂ ಕಥೆ ಅದೇ. ಗುಂಡಿ ತಿರುಗಿಸಿದರೆ ಸಾಲದು, ಮೀಟರಿನ ಮೇಲಿನ ದೀಪ ಆರಿದೆಯೇ ನೋಡಿ. ಜಿಪ್ಸಿಯವರು ಮುಂದಿನ ಚಕ್ರವನ್ನು ಆಕ್ಸಲಿಗೆ ಸೇರಿಸುವ ಹಬ್ ಲಾಕನ್ನು ಬಿಚ್ಚಲು ಮರೆತುಬಂದೆವೆಂದು ಗಾಬರಿಯಾಗುತ್ತಾರೆ. ಲಿವರ್ ಟೂ ವೀಲ್‌ನಲ್ಲಿದ್ದರೆ ಹಬ್ ಲಾಕ್ ಆಗಿದ್ದರೂ ಹುರಿ ಬೀಳುವುದಿಲ್ಲ.

ಮೊನ್ನೆ ನನ್ನ ಷಡ್ಡಕ ಫೋನ್ ಮಾಡಿದ. ಅವನೂ ಇಂಥದ್ದೇ ಪಿಕಪ್ ತೆಗೆದುಕೊಂಡಿದ್ದಾನೆ. ಮನೆಯಂಗಳದ ಸಿಮೆಂಟಿಗೆ ಬಂದು ನಿಂತಿದ್ದೇನೆ, ಲಿವರ್ ಕಿತ್ತರೂ ಬರುತ್ತಿಲ್ಲ, ಗ್ರೀಸ್ ಹಾಕಿಸಲೇ ಎಂದು ಕೇಳಿದ. ಲಿವರ್ ಬಿಟ್ಟು ಮೊದಲು ರಿವರ್ಸ್ ಹೋಗು ಎಂದೆ. ಸ್ವಲ್ಪ ಹೊತ್ತಿಗೆ ಕಟಕ್ ಎನ್ನುವ ಸದ್ದು ಫೋನಿನಲ್ಲೇ ಕೇಳಿಸಿತು. “ಮುಂದಿನ ಎರಡು ಟೈರು ಮಾತ್ರ ಹೊಸದಲ್ಲವೇ?” ಎಂದೆ.

“ಹೌದು ಭಾವ, ನಿಮಗೆ ಹೇಗೆ ಗೊತ್ತಾಯಿತು?” ಎಂದ.