ಎಚ್‌ಐವಿ ಇರುವವನ ಕೈಗೆ ಬಂದ ಕರುಳಿನ ಬ್ಯಾಕ್ಟೀರಿಯಾ ಪರೀಕ್ಷೆ: ಒಂದು ವಿಮರ್ಶೆ

ಹನ್ನೊಂದು ವರ್ಷಗಳಿಂದ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಅದುಮಿಡುವ ಮಾತ್ರೆ ನುಂಗುತ್ತಿರುವ ನನಗೆ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪತ್ತೆಯಾಗದ ಮಟ್ಟಕ್ಕೆ ಇಳಿದು ಬಹಳ ಕಾಲವಾಗಿದೆ. ಎಚ್‌ಐವಿ ಕೊಲ್ಲುವ ರೋಗನಿರೋಧಕ ಕೋಶಗಳಾದ ಸಿಡಿ4ಗಳ ಎಣಿಕೆ ಮಾತ್ರ 400ರ ಆಸುಪಾಸಿನಲ್ಲಿ ನಿಂತುಬಿಟ್ಟಿದೆ. ಹೊಟ್ಟೆಯದ್ದೂ ಅದೇ ಕಥೆ. ಕಾಯಿಲೆ ಎಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ, ಆದರೆ ವಾರಕ್ಕೆರಡು ದಿನ ಉಬ್ಬರ ತಪ್ಪಿದ್ದಲ್ಲ. ಹೀಗಿರುವಾಗ, ಮಲದ ಮಾದರಿಯಿಂದ ಕರುಳಿನ ಬ್ಯಾಕ್ಟೀರಿಯಾಗಳನ್ನು ಗುರುತಿಸಿ ರೋಗನಿರೋಧಕ ಶಕ್ತಿಯನ್ನೂ ಅಳೆದುಕೊಡುತ್ತೇವೆ ಎಂದು ಹೇಳಿಕೊಳ್ಳುವ ಪರೀಕ್ಷೆಯ ಜಾಹೀರಾತು ಕಣ್ಣಿಗೆ ಬಿತ್ತು. ಎರಡು ಕಿಟ್ ತರಿಸಿಕೊಂಡೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನನ್ನ ತಕರಾರು ಒಂದು ಕಂಪನಿಗಿಂತ ಹೆಚ್ಚಾಗಿ ಈ ಬಗೆಯ ಸೇವೆಯ ಮೇಲಿದೆ.

ಮೊದಲು ಮೆಚ್ಚಬೇಕಾದದ್ದನ್ನು ಹೇಳಿಬಿಡುತ್ತೇನೆ. ಕಿಟ್ ಅಚ್ಚುಕಟ್ಟಾಗಿದೆ. ಕಮೋಡಿನ ಅಂಚಿಗೆ ಅಂಟಿಸುವ ಕಾಗದದ ಜೋಳಿಗೆ, ತುದಿಯಲ್ಲಿ ಹತ್ತಿ ಸುತ್ತಿದ ಕಡ್ಡಿ, ಬೆರಳುದ್ದದ ಕೊಳವೆಯೊಳಗೆ ನೀರಿನಂಥ ದ್ರಾವಣ: ಇಷ್ಟೇ ಸಾಮಾನು. ಕಾಳಿನಷ್ಟು ಮಾದರಿ ಸಾಕು ಎಂದು ಚಿತ್ರ ಸಮೇತ ಬರೆದಿರುವುದರಿಂದ, ಹೆಚ್ಚು ತುಂಬಿ ಕೆಡಿಸುವ ಭಯವಿಲ್ಲ. ಆ ದ್ರಾವಣವು ಬ್ಯಾಕ್ಟೀರಿಯಾದ ಡಿಎನ್‌ಎ ಹಾಳಾಗದಂತೆ ಹಿಡಿದಿಡುತ್ತದೆ, ಹಾಗಾಗಿ ಫ್ರಿಜ್‌ನ ಅಗತ್ಯವೂ ಇಲ್ಲ. ಮೂರು ವಾರದಲ್ಲಿ ಬರಬೇಕಾಗಿದ್ದ ವರದಿ ಐದನೆಯ ವಾರಕ್ಕೆ ಬಂತು. ಅದನ್ನು ದೊಡ್ಡದು ಮಾಡುವುದಿಲ್ಲ.

ತೊಡಕು ಶುರುವಾದದ್ದು ಕಿಟ್‌ನ ಜೊತೆಗೆ ತುಂಬಿಸಿಕೊಳ್ಳುವ ಅರ್ಜಿಯಲ್ಲಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಅಲರ್ಜಿ ಎಲ್ಲದಕ್ಕೂ ಖಾನೆಗಳಿದ್ದವು, ಎಚ್‌ಐವಿಗೆ ಇರಲಿಲ್ಲ. ಕಡೆಯಲ್ಲಿದ್ದ ‘ಇತರೆ’ ಎಂಬಲ್ಲಿ ನನ್ನ ಸ್ಥಿತಿಯನ್ನೂ ಸೇವಿಸುವ ಔಷಧಗಳ ಹೆಸರನ್ನೂ, ಸ್ವಲ್ಪ ಹಿಂಜರಿಕೆಯಿಂದಲೇ, ಬರೆದೆ. ಇಪ್ಪತ್ತಾರು ಪುಟದ ವರದಿಯಲ್ಲಿ ಅದರ ಪ್ರಸ್ತಾಪ ಒಂದೇ ಒಂದು ಕಡೆಯೂ ಇಲ್ಲ. ಬದಲಿಗೆ ಮೊದಲ ಪುಟದಲ್ಲೇ ಹಸಿರು ಬಳ್ಳಿಯ ನಡುವೆ ‘ರೋಗನಿರೋಧಕ ಅಂಕ 61/100’ ಎಂದು ಅಚ್ಚಾಗಿತ್ತು. ಒಳಗೆ, ನನ್ನ ಕರುಳಿನಲ್ಲಿ ಪ್ರಿವೊಟೆಲ್ಲಾ ಹೆಚ್ಚು, ಬ್ಯಾಕ್ಟೀರಾಯ್ಡಿಸ್ ಕಡಿಮೆ, ಆದ್ದರಿಂದ ನಾನು ನಾರಿನಂಶದ ಆಹಾರ ಹೆಚ್ಚು ತಿನ್ನುವವನು ಎಂಬ ತೀರ್ಮಾನ. ಪ್ರಿವೊಟೆಲ್ಲಾಕ್ಕೂ ನಾರಿನಂಶಕ್ಕೂ ನಂಟಿರುವುದು ನಿಜ, ಆದರೆ ಎಚ್‌ಐವಿ ಇರುವವರ ವಿಷಯದಲ್ಲಿ ಈ ಬ್ಯಾಕ್ಟೀರಿಯಾ ಸಂಶೋಧಕರನ್ನೇ ಹಲವು ವರ್ಷ ದಾರಿ ತಪ್ಪಿಸಿದೆ. ಪ್ರಿವೊಟೆಲ್ಲಾ ಹೆಚ್ಚಾಗುವುದು ಎಚ್‌ಐವಿಯಿಂದಲೇ ಎಂದು ಆರಂಭದ ಅಧ್ಯಯನಗಳು ಬರೆದಿದ್ದವು. ಪುರುಷರೊಡನೆ ಲೈಂಗಿಕ ಸಂಬಂಧವಿರುವ ಪುರುಷರಲ್ಲಿ ಸೋಂಕು ಇರಲಿ ಇಲ್ಲದಿರಲಿ ಅದು ಹೆಚ್ಚೇ ಇರುತ್ತದೆ ಎಂಬುದನ್ನು ಬಾರ್ಸಿಲೋನಾದ ತಂಡವೊಂದು 2016ರಲ್ಲಿ ತೋರಿಸಿತು. ಇಷ್ಟು ಗೋಜಲಿರುವ ಸಂಗತಿಯನ್ನು ವರದಿ ಒಂದು ಸಾಲಿನಲ್ಲಿ, ಮುದ್ದಾದ ಎಲೆಯ ಚಿತ್ರದೊಡನೆ, ಮುಗಿಸಿಬಿಟ್ಟಿದೆ.

ಇದಕ್ಕಿಂತ ದೊಡ್ಡ ಕೊರತೆ ಬೇರೆಯದೇ ಇದೆ. ಎಚ್‌ಐವಿಯಲ್ಲಿ ಕರುಳಿಗೆ ಆಗುವ ಮುಖ್ಯ ಹಾನಿ ಅದರ ಗೋಡೆಗೆ. ರಕ್ತದಲ್ಲಿ ನಾವು ಎಣಿಸುವ ಲಿಂಫೋಸೈಟ್‌ಗಳು (ಸಿಡಿ4 ಕೂಡ ಸೇರುವ ಬಿಳಿ ರಕ್ತಕಣಗಳು) ದೇಹದಲ್ಲಿರುವ ಒಟ್ಟು ಲಿಂಫೋಸೈಟ್‌ಗಳ ಒಂದು ಸಣ್ಣ ಪಾಲು ಮಾತ್ರ. ಕರುಳಿನ ಒಳಪದರದಲ್ಲೂ ಅವು ಬಹಳಷ್ಟು ಬೀಡುಬಿಟ್ಟಿವೆ. ಸೋಂಕು ತಗುಲಿದ ಮೊದಲ ಕೆಲವೇ ವಾರಗಳಲ್ಲಿ ವೈರಸ್ ಅಲ್ಲಿನ ಸಿಡಿ4 ಕೋಶಗಳನ್ನು ಭಾರಿ ಪ್ರಮಾಣದಲ್ಲಿ ಕೊಲ್ಲುತ್ತದೆ; ಎಚ್‌ಐವಿಯ ದಾಯಾದಿಯಾದ ಎಸ್‌ಐವಿ ಮಂಗಗಳಲ್ಲಿ ಹೀಗೆ ಮಾಡುವುದು 1998ರಲ್ಲೇ ಕಂಡುಬಂದಿತ್ತು. ಸತ್ತವುಗಳಲ್ಲಿ ಟಿಎಚ್17 ಎಂಬ ಕೋಶಗಳೂ ಸೇರಿವೆ, ಮತ್ತು ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವಂತೆ ನೋಡಿಕೊಳ್ಳುವ ರಾಸಾಯನಿಕ ಸಂಕೇತಗಳನ್ನು ಕಳುಹಿಸುವುದು ಇವೇ. ಇವು ಹೋದ ಮೇಲೆ ಬಿರುಕು ಬಿಟ್ಟ ಗೋಡೆಯಿಂದ ಬ್ಯಾಕ್ಟೀರಿಯಾದ ತುಣುಕುಗಳು, ಮುಖ್ಯವಾಗಿ ಲಿಪೊಪಾಲಿಸ್ಯಾಕರೈಡ್ ಎಂಬ ಅಂಶ, ರಕ್ತಕ್ಕೆ ಜಿನುಗುತ್ತವೆ. ರೋಗನಿರೋಧಕ ವ್ಯವಸ್ಥೆ ಅವುಗಳನ್ನು ಕಂಡು ಸದಾ ಎಚ್ಚರದಲ್ಲೇ ಇದ್ದು ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ. ಎಚ್‌ಐವಿ ಇರುವವರ ರಕ್ತದಲ್ಲಿ ಈ ಜಿನುಗುವಿಕೆಯ ಗುರುತುಗಳನ್ನು 2006ರಲ್ಲಿ ಸ್ಪಷ್ಟವಾಗಿ ದಾಖಲಿಸಲಾಯಿತು. ಎಆರ್‌ಟಿಯಿಂದ ರಕ್ತದ ಸಿಡಿ4 ಏರಿದರೂ ಕರುಳಿನಲ್ಲಿನ ಚೇತರಿಕೆ ನಿಧಾನ, ಹಲವರಲ್ಲಿ ಅಪೂರ್ಣ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಸೂಟಿ ಮ್ಯಾಂಗಬಿ ಎಂಬ ಆಫ್ರಿಕಾದ ಮಂಗ. ಅದರ ರಕ್ತದಲ್ಲಿ ಎಸ್‌ಐವಿ ಧಾರಾಳವಾಗಿರುತ್ತದೆ, ಆದರೆ ಟಿಎಚ್17 ಕೋಶಗಳೂ ಕರುಳಿನ ಗೋಡೆಯೂ ಉಳಿದುಕೊಳ್ಳುವುದರಿಂದ ಅದಕ್ಕೆ ಏಡ್ಸ್ ಬರುವುದು ತೀರಾ ಅಪರೂಪ.

ಈಗ ವರದಿಗೆ ಮರಳೋಣ. ಮನೆಯೊಳಗೆ ಯಾರ‍್ಯಾರು ಬಾಡಿಗೆಗಿದ್ದಾರೆ ಎಂಬ ಪಟ್ಟಿಯನ್ನು ಅದು ಕೊಡುತ್ತದೆ, ಗೋಡೆ ಸೋರುತ್ತಿದೆಯೇ ಎಂಬುದನ್ನು ನೋಡುವುದೇ ಇಲ್ಲ. ಮಲದಲ್ಲಿನ ಡಿಎನ್‌ಎಯಿಂದ ಅದನ್ನು ನೋಡಲು ಬರುವುದೂ ಇಲ್ಲ. ಗೋಡೆಯ ಸ್ಥಿತಿಯ ಸುಳಿವು ಬೇಕಿದ್ದರೆ ಸಂಶೋಧಕರು ರಕ್ತದಲ್ಲಿ ಎಸ್‌ಸಿಡಿ14ರಂಥ ಸೂಚಕಗಳನ್ನು ಅಳೆಯುತ್ತಾರೆ; ಬ್ಯಾಕ್ಟೀರಿಯಾದ ತುಣುಕುಗಳಿಗೆ ರೋಗನಿರೋಧಕ ಕೋಶಗಳು ಪ್ರತಿಕ್ರಿಯಿಸಿದಾಗ ರಕ್ತದಲ್ಲಿ ಹೆಚ್ಚುವ ಪ್ರೋಟೀನು ಅದು. ಅದೂ ನಿತ್ಯದ ಚಿಕಿತ್ಸೆಯಲ್ಲಿ ಬಳಸುವ ಪರೀಕ್ಷೆಯಲ್ಲ. ಹಾಗಿದ್ದ ಮೇಲೆ ‘ರೋಗನಿರೋಧಕ ಅಂಕ’ ಎಂಬ ಹೆಸರೇ ಅತಿಯಾಯಿತು.

ಆ ಅಂಕವನ್ನು ಪರೀಕ್ಷಿಸಲೆಂದೇ ನಾನು ಒಂದು ಸಣ್ಣ ಕಿಡಿಗೇಡಿತನ ಮಾಡಿದ್ದೆ. ಎರಡನೆಯ ಕಿಟ್ಟನ್ನು ನನ್ನ ಸಂಗಾತಿಯ ಹೆಸರಿನಲ್ಲಿ ನೋಂದಾಯಿಸಿ, ಅದೇ ಬೆಳಗಿನ ಅದೇ ಮಲದ ಇನ್ನೊಂದು ಬದಿಯಿಂದ ಮಾದರಿ ತೆಗೆದು ಕಳುಹಿಸಿದೆ. ಬಂದ ಅಂಕ 74. ಒಂದೇ ಹೊಟ್ಟೆಗೆ ಒಂದರಲ್ಲಿ ‘ಗಮನ ಅಗತ್ಯ’, ಇನ್ನೊಂದರಲ್ಲಿ ‘ಉತ್ತಮ’. ನ್ಯಾಯವಾಗಿ ಹೇಳುವುದಾದರೆ, ಹೆಚ್ಚು ಸಂಖ್ಯೆಯಲ್ಲಿರುವ ಮೊದಲ ಹತ್ತು ಬ್ಯಾಕ್ಟೀರಿಯಾಗಳ ಪಟ್ಟಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಎರಡರಲ್ಲೂ ಫೀಕ್ಯಾಲಿಬ್ಯಾಕ್ಟೀರಿಯಂ ಕಡಿಮೆ ಇತ್ತು. ಕರುಳಿನ ಕೋಶಗಳಿಗೆ ಇಂಧನವಾಗುವ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾ ಅದು, ಎಚ್‌ಐವಿ ಇರುವವರಲ್ಲಿ ಅದರ ಇಳಿಕೆ ಹಲವು ಅಧ್ಯಯನಗಳಲ್ಲಿ ಕಂಡಿದೆ. ಪಟ್ಟಿಯನ್ನು ನಂಬಬಹುದು, ಅದರ ಮೇಲೆ ಕಟ್ಟಿದ ಅಂಕವನ್ನಲ್ಲ.

ವರದಿಯ ನಂತರ ಆಪ್ತ ಸಲಹೆಯೆಂದು ಕಂಪನಿಯ ಸಲಹೆಗಾರ್ತಿಯಿಂದ ಫೋನ್ ಬಂತು. ಎಚ್‌ಐವಿ ಇದೆ ಎಂದಾಗ ಆಕೆ ಒಂದು ಕ್ಷಣ ಸುಮ್ಮನಾಗಿ, “ಹಾಗಾದರೆ ಸರ್, ನಮ್ಮ ಪ್ರೋಬಯಾಟಿಕ್ ನಿಮಗೆ ಇನ್ನೂ ಹೆಚ್ಚು ಬೇಕು” ಎಂದರು. ಸಿಡಿ4 ಎಷ್ಟಿದೆ ಎಂದು ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದು: ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಪ್ರೋಬಯಾಟಿಕ್‌ನ ಜೀವಂತ ಸೂಕ್ಷ್ಮಜೀವಿಗಳೇ ರಕ್ತಕ್ಕೆ ಇಳಿದ ಪ್ರಕರಣಗಳು, ವಿರಳವಾದರೂ, ವರದಿಯಾಗಿವೆ. ಲಾಭದ ಸಾಕ್ಷ್ಯವೂ ಏಕರೂಪವಾಗಿಲ್ಲ. ಕೆಲವು ಸಣ್ಣ ಪ್ರಯೋಗಗಳಲ್ಲಿ ಉರಿಯೂತದ ಸೂಚಕಗಳು ಇಳಿದಿವೆ. ಎಆರ್‌ಟಿಯಲ್ಲಿರುವವರಿಗೆ 24 ವಾರ ಪ್ರೋಬಯಾಟಿಕ್ ಕೊಟ್ಟು ನೋಡಿದ ಯಾದೃಚ್ಛಿಕ ಪ್ರಯೋಗವೊಂದರಲ್ಲಿ ಎಸ್‌ಸಿಡಿ14 ಕದಲಲಿಲ್ಲ.

ಆದರೂ ಒಂದು ಡಬ್ಬಿ ತರಿಸಿದೆ. ಲೇಬಲ್‌ನ ಹಿಂಬದಿಯಲ್ಲಿ, ಕನ್ನಡಕ ಏರಿಸಿಕೊಂಡೇ ಓದಬೇಕಾದ ಅಕ್ಷರಗಳಲ್ಲಿ, ಬ್ಯಾಕ್ಟೀರಿಯಾಗಳ ಹೆಸರಿನ ಕೆಳಗೆ ಮೆಗ್ನೀಷಿಯಂ ಮತ್ತು ಸತು ಇದ್ದವು. ನಾನು ತೆಗೆದುಕೊಳ್ಳುವುದು ಡೋಲುಟೆಗ್ರಾವಿರ್ ಇರುವ ಮಾತ್ರೆ; ಇಂಥ ಖನಿಜಗಳು ಕರುಳಿನಲ್ಲಿ ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರುವ ಔಷಧದ ಪ್ರಮಾಣವನ್ನು ತಗ್ಗಿಸುತ್ತವೆ. ಮೆಗ್ನೀಷಿಯಂ ಇರುವ ಆಂಟಾಸಿಡ್‌ಗಳ ವಿಷಯದಲ್ಲಿ, ಡೋಲುಟೆಗ್ರಾವಿರನ್ನು ಅವುಗಳಿಗಿಂತ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ತೆಗೆದುಕೊಳ್ಳಬೇಕೆಂಬ ನಿಯಮವೇ ಇದೆ. ಡಬ್ಬಿಯ ಮೇಲಿದ್ದ ಸೂಚನೆ ‘ಇತರ ಮಾತ್ರೆಗಳ ಜೊತೆ ಬೆಳಿಗ್ಗೆ ಒಂದು’ ಎಂದು. ವೈರಸ್ಸನ್ನು ಅದುಮಿ ಹಿಡಿದಿರುವ ಔಷಧಕ್ಕೇ ಅಡ್ಡಗಾಲು ಹಾಕುವ ಸಲಹೆಯನ್ನು ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ಮಾರುವುದು ನನಗೆ ಸಣ್ಣ ತಪ್ಪಾಗಿ ಕಾಣಲಿಲ್ಲ. ನನ್ನ ವೈದ್ಯರು ವರದಿಯ ಬಣ್ಣದ ಪುಟಗಳನ್ನೆಲ್ಲ ಮಗುಚಿ ಹಾಕಿ, ಡಬ್ಬಿಯ ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ಡಬ್ಬಿ ಅಲ್ಲಿಗೇ ನಿಂತಿತು.

ಕುತೂಹಲಕ್ಕೆ, ತನ್ನ ಕರುಳಿನಲ್ಲಿ ಏನೇನಿದೆ ಎಂದು ತಿಳಿಯುವ ಖುಷಿಗೆ ಬೇಕೆನ್ನುವವರು ತರಿಸಿಕೊಳ್ಳಬಹುದು. ಎಚ್‌ಐವಿ ಇರುವವರು ಚಿಕಿತ್ಸೆಯ ತೀರ್ಮಾನಕ್ಕೆಂದು ತರಿಸುವುದು ಬೇಡ, ಜೊತೆಗೆ ಬರುವ ಡಬ್ಬಿಯನ್ನಂತೂ ವೈದ್ಯರಿಗೆ ತೋರಿಸದೆ ತೆರೆಯುವುದೇ ಬೇಡ. ಐದರಲ್ಲಿ ಎರಡು ನಕ್ಷತ್ರ: ಒಂದು ಕಿಟ್ಟಿಗೆ, ಒಂದು ಬ್ಯಾಕ್ಟೀರಿಯಾಗಳ ಪಟ್ಟಿಗೆ. ‘ಇತರೆ’ ಖಾನೆಯಲ್ಲಿ ಬರೆದದ್ದನ್ನು ಅವರಲ್ಲಿ ಯಾರಾದರೂ ಓದಲು ತೊಡಗಿದರೆ ಮೂರನೆಯದನ್ನು ಸೇರಿಸುತ್ತೇನೆ.