ಶಿವಮೊಗ್ಗದ ಮನೆಯಲ್ಲೇ ಕೂತು ಬರೆಯಬಹುದಾದ ಆರ್‌ಎಚ್‌ಸಿಎಸ್‌ಎ

ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಈ ಸಿಸ್ಟಮ್ ಅಡ್ಮಿನ್ ಪರೀಕ್ಷೆ ಸರ್ವರ್ ಕೆಲಸದವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಟಿಕ್ ಹಾಕುವ ಪ್ರಶ್ನೆಗಳಿಲ್ಲ, ಮಾಡಿ ತೋರಿಸಬೇಕು. 300ಕ್ಕೆ 210 ಬಂದರೆ ಪಾಸು.

ಹೆಚ್ಚಿನವರು ಎಡವುವುದು ರೀಬೂಟ್‌ನಲ್ಲಿ. ಅದಾದ ಮೇಲೂ ಉಳಿದ ಸೆಟ್ಟಿಂಗ್‌ಗೆ ಮಾತ್ರ ಅಂಕ. ಫೈರ್‌ವಾಲ್ ನಿಯಮಕ್ಕೆ 'ಪರ್ಮನೆಂಟ್' ಸೇರಿಸದಿದ್ದರೆ ಹೋಯಿತು. ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಯುಯುಐಡಿಯ (ಡಿಸ್ಕ್‌ನ ಗುರುತಿನ ಸಂಖ್ಯೆ) ಒಂದಕ್ಷರ ತಪ್ಪಿದರೂ ಯಂತ್ರ ಪೂರ್ತಿ ಬೂಟ್ ಆಗದೆ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಆ ಪಟ್ಟಿಯಲ್ಲಿರುವುದನ್ನೆಲ್ಲ ಜೋಡಿಸುವ 'ಮೌಂಟ್ -ಎ' ಆದೇಶವನ್ನು ಮೊದಲು ಕೊಟ್ಟು ನೋಡಿ, ಆಮೇಲೆ ರೀಬೂಟ್ ಮಾಡಿ.

ಮನೆಯಿಂದ ಬರೆಯುವವರು ರೆಡ್ ಹ್ಯಾಟ್‌ನದೇ ಐಎಸ್‌ಒ (ಬೂಟ್ ಮಾಡುವ ಸಿಸ್ಟಮ್‌ನ ಕಡತ) ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು. ತೀರ್ಥಹಳ್ಳಿ, ಹೊಸನಗರ ಕಡೆಯವರು ದಯವಿಟ್ಟು ಜೂನ್-ಜುಲೈ ಬಿಟ್ಟು ದಿನ ಗೊತ್ತು ಮಾಡಿಕೊಳ್ಳಿ. ಮಳೆಗೆ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯೊಂದೇ ಸಾಲದು, ಮೋಡೆಮ್‌ಗೂ ಯುಪಿಎಸ್ ಇರಲಿ.

ಸರ್ಟಿಫಿಕೇಟ್ 3 ವರ್ಷ ಚಾಲ್ತಿ. ಅಷ್ಟರೊಳಗೆ ಮುಂದಿನ ಹಂತದ ಪರೀಕ್ಷೆ ಆರ್‌ಎಚ್‌ಸಿಇ ಪಾಸಾದರೆ ಇದೂ ನವೀಕರಣವಾಗುತ್ತದೆ.