ಅಧ್ಯಾಯ ಮುಗಿಯಲು ಇನ್ನು 9 ನಿಮಿಷ: ಇ-ರೀಡರ್ ಜೊತೆ ಮೂರು ಮಳೆಗಾಲ

ಕೊಂಡ ವಾರದಲ್ಲೇ ಬರೆದಿದ್ದರೆ ಇದಕ್ಕೆ ಐದಕ್ಕೆ ಐದು ಕೊಡುತ್ತಿದ್ದೆ. ಒಂದು ವರ್ಷ ಬಿಟ್ಟು ಬರೆದಿದ್ದರೆ ಒಂದೂವರೆ. ಈಗ ಮೂರು ಮಳೆಗಾಲ ಕಳೆದಿದೆ, ಸಿಟ್ಟೂ ಇಳಿದಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆರು ಇಂಚಿನ ಇ-ರೀಡರ್, ಪುಸ್ತಕ ಓದಲಿಕ್ಕೆಂದೇ ಇರುವ ಯಂತ್ರ. ಕಂಪನಿ ಹೆಸರು ಹೇಳುವುದಿಲ್ಲ, ಯಾಕೆಂದರೆ ನನ್ನ ದೂರು ಈ ಜಾತಿಯ ಬೇರೆ ಯಂತ್ರಗಳಿಗೂ ಹೊಂದಬಹುದು. ಮೆಮೊರಿ ಎಷ್ಟು, ಪಿಕ್ಸೆಲ್ ಎಷ್ಟು ಅಂತೆಲ್ಲ ನೀವು ಆಗಲೇ ನೋಡಿರುತ್ತೀರಿ. ಬೆಲೆ 11,000 ರೂಪಾಯಿ. ಆಗಿನ ದರದಲ್ಲಿ ಕಾಲು ಕ್ವಿಂಟಲ್ ಚಾಲಿ ಅಡಿಕೆಯ ದುಡ್ಡು. ಹೆಂಡತಿ ಈಗಲೂ ರೂಪಾಯಿ ಲೆಕ್ಕ ಹೇಳುವುದಿಲ್ಲ. "ನಿಮ್ಮ ಕಾಲು ಕ್ವಿಂಟಲ್ ಚಾರ್ಜಿಗೆ ಹಾಕಿದ್ದು ಮರೆತಿರಾ" ಅಂತಾಳೆ.

ಕೊಂಡಿದ್ದಕ್ಕೆ ಕಾರಣ ಬೂಷ್ಟು. ನಮ್ಮ ಊರು ಶಿರಸಿಯಿಂದ 18 ಕಿಲೋಮೀಟರ್ ಒಳಗೆ. ಜುಲೈ ಬಂತೆಂದರೆ ಕಪಾಟಿನ ಪುಸ್ತಕಗಳಿಗೆ ಹಸಿರು ಮೀಸೆ ಬರುತ್ತದೆ. ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ಅಪ್ಪ ಕೂಡಿಟ್ಟಿದ್ದ ಕಾದಂಬರಿಗಳಲ್ಲಿ ಅರ್ಧದಷ್ಟು ಹಾಗೇ ಹೋದವು. ಈ ಯಂತ್ರಕ್ಕೆ ಬೂಷ್ಟಿಲ್ಲ, ಹುಳವಿಲ್ಲ. ಕರೆಂಟ್ ಹೋದರೂ ಅದರದೇ ಬೆಳಕು ಇದೆ. ನಮ್ಮಲ್ಲಿ ಗಾಳಿ ಬೀಸಿದರೆ ಮರ ತಂತಿ ಮೇಲೆ ಬಿತ್ತು ಅಂತಲೇ ಅರ್ಥ. ಹಾಗೆ ಎರಡು ದಿನ ಕರೆಂಟ್ ಇಲ್ಲದಿದ್ದಾಗ ಫೋನು ಸತ್ತು ಬಿದ್ದಿತ್ತು, ಇದು ಸುಮ್ನೆ ಓದಿಸುತ್ತಾ ಇತ್ತು.

ಅದರ ಜೊತೆ ನನ್ನ ದಿನಚರಿ ಹೀಗೆ. ಬೆಳಿಗ್ಗೆ ಬಸ್ಸಿನಲ್ಲಿ 35 ನಿಮಿಷ. ಡ್ರೈವರ್ ಹಿಂದಿನ ಎರಡನೇ ಸೀಟು, ಕಿಟಕಿಯಿಂದ ನೀರು ಸಿಡಿಯದ ಪಕ್ಕ. ಯಂತ್ರವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರಿನ ಮೇಲಿಂದಲೇ ಬೆರಳು ಒತ್ತಿ ಪುಟ ತಿರುಗಿಸುತ್ತೇನೆ. ಕೆಲಸ ಮಾಡುತ್ತದೆ! ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಜಗಲಿಯಲ್ಲಿ ಒಂದು ಲೋಟ ಬಿಸಿ ಕಷಾಯ. ಎಡಗೈಯಲ್ಲಿ ಲೋಟ, ಬಲಗೈಯಲ್ಲಿ ಯಂತ್ರ. ಕಾಗದದ ಪುಸ್ತಕ ಹಿಡಿದು ಕಷಾಯ ಕುಡಿಯುವುದು ಕಷ್ಟ, ಒಂದು ಕೈಯಲ್ಲಿ ಹಿಡಿದರೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಈ ಒಂದು ಸುಖಕ್ಕೇ ಮೊದಲ ವಾರ ಐದು ಸ್ಟಾರ್ ಅಂದುಕೊಂಡಿದ್ದು.

ಇನ್ನು ದೂರು. ಪರದೆಯ ಕೆಳಗೆ ಎಡಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಈ ಅಧ್ಯಾಯ ಮುಗಿಯಲು ಇನ್ನು 9 ನಿಮಿಷ. ಅಷ್ಟೇ. ನೀವು ಎಷ್ಟು ಹೊತ್ತಿಗೊಮ್ಮೆ ಪುಟ ತಿರುಗಿಸುತ್ತೀರಿ ಅಂತ ನೋಡಿಕೊಂಡು ಅದು ಲೆಕ್ಕ ಹಾಕುತ್ತದೆ. ಮೊದಮೊದಲು ನನಗೆ ಭಾರಿ ಖುಷಿ. ಬಸ್ಸು ಶಿರಸಿ ಮುಟ್ಟಲು 12 ನಿಮಿಷ, ಅಧ್ಯಾಯಕ್ಕೆ 9, ಸರಿಯಾಗಿ ಮುಗಿಯುತ್ತದೆ ಅಂತ.

ಆಮೇಲೆ ಲೆಕ್ಕ ತಿರುಗಿತು. ಬಸ್ಸಿಗೆ 9 ಇದ್ದು ಅಧ್ಯಾಯಕ್ಕೆ 12 ಇದ್ದರೆ? ಸ್ವಲ್ಪ ಬೇಗ ಓದುವುದು. ಬೇಗ ಓದಿದರೆ ಪುಟ ಬೇಗ ತಿರುಗುತ್ತದೆ. ಪುಟ ಬೇಗ ತಿರುಗಿದರೆ ಯಂತ್ರ ನನ್ನನ್ನು ಚುರುಕಿನವ ಅಂದುಕೊಂಡು ನಿಮಿಷ ಇಳಿಸುತ್ತದೆ. 12 ಹೋಗಿ 10 ಆದಾಗ ಏನೋ ಗೆದ್ದ ಹಾಗೆ. ನನ್ನ ಅವಸರವನ್ನು ನಾನೇ ಅದಕ್ಕೆ ಕಲಿಸುತ್ತಿದ್ದೆ. ಅದು ಅದನ್ನೇ ನನಗೆ ವಾಪಸ್ ತೋರಿಸುತ್ತಿತ್ತು.

ನನ್ನ ಕಸುಬೂ ಇದಕ್ಕೆ ತುಪ್ಪ ಸುರಿಯಿತು ಅನ್ನಿ. ನಾನು ಅಡಿಕೆ ವ್ಯಾಪಾರದ ಲೆಕ್ಕ ಬರೆಯುವವನು. ದಿನವಿಡೀ ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೋಕಾ ಅಂತ ಅಡಿಕೆಯ ಬಗೆಬಗೆಯ ಕಾಲಂಗಳ ಮೇಲೆ ಕಣ್ಣು ಓಡಿಸುವ ಕೆಲಸ. ತಪ್ಪು ಎಲ್ಲಿದೆಯೋ ಅಲ್ಲಿ ಮಾತ್ರ ಕಣ್ಣು ನಿಲ್ಲಬೇಕು, ಉಳಿದದ್ದು ಜಾರಬೇಕು. ಅದೇ ಕಣ್ಣಲ್ಲಿ ಕತೆ ಓದತೊಡಗಿದೆ. ಆ ವರ್ಷ 47 ಪುಸ್ತಕ ಮುಗಿಸಿದೆ. ಮದುವೆ ಮನೆಗಳಲ್ಲಿ ಈ ಸಂಖ್ಯೆ ಹೇಳಿಕೊಂಡೂ ತಿರುಗಿದೆ. ನಾಚಿಕೆಯ ವಿಷಯ.

ಬಂಡವಾಳ ಹೊರಬಿದ್ದದ್ದು ಒಂದು ರಾತ್ರಿ ಊಟದ ಹೊತ್ತಿಗೆ. ಹೆಂಡತಿ ಹಿಂದೆಂದೋ ಓದಿದ್ದ ಕಾದಂಬರಿ, ನಾನು ಮುಗಿಸುವ ಹಂತದಲ್ಲಿದ್ದೆ. "ಆ ನಡುಮನೆ ಸೊಸೆ ಮತ್ತೆ ಬರುವುದೇ ಇಲ್ಲವಲ್ಲ, ಬರೆದವರು ಮರೆತರಾ ಹೇಗೆ?" ಅಂದೆ. ಅವಳು ಸಾರಿನ ಸೌಟು ಹಿಡಿದು ಹಾಗೇ ನಿಂತಳು. "ಅವಳು ಬಾವಿಗೆ ಬಿದ್ದು ಸತ್ತಳಲ್ಲ. ಗೊತ್ತೇ ಆಗಿಲ್ವಾ?"

ಹಿಂದೆ ಹೋಗಿ ಹುಡುಕಿದೆ. ಸಾವು ಅನ್ನುವ ಪದ ಎಲ್ಲೂ ಇಲ್ಲ. ಬಾವಿಕಟ್ಟೆಯ ಮೇಲೆ ಅವಳ ಕೊಡ ಮೂರು ದಿನ ಹಾಗೇ ಇತ್ತು, ಅದನ್ನು ಯಾರೂ ಒಳಗೆ ತರಲಿಲ್ಲ ಅಂತ ಇತ್ತು. ಒಂದೇ ಸಾಲು. ಮುಂದಿನ ಸಾಲಿನಲ್ಲಿ ಗದ್ದೆ ನಾಟಿ ಶುರು. ಕೊಡದ ಮೇಲಿಂದ ನನ್ನ ಕಣ್ಣು ಕೋಕಾ ಕಾಲಂ ಮೇಲಿಂದ ಜಾರುವ ಹಾಗೆ ಜಾರಿತ್ತು. ಅಲ್ಲಿಂದ ಮುಂದಿನ 60 ಪುಟ ಆ ಮನೆಯವರೆಲ್ಲ ಯಾಕೆ ಒಬ್ಬರಿಗೊಬ್ಬರು ಮುಖ ಕೊಡುತ್ತಿಲ್ಲ ಅಂತ ತಿಳಿಯದೆ, ಕತೆ ಬೋರು ಹೊಡೆಸುತ್ತಿದೆ ಅಂತ ಇನ್ನೂ ಬೇಗ ಓದಿದ್ದೆ. ಅರ್ಥವಾಗದ್ದಕ್ಕೆ ಬೇಸರ ಬರುತ್ತದೆ. ಬೇಸರ ಬಂದರೆ ವೇಗ ಜಾಸ್ತಿ. ವೇಗ ಜಾಸ್ತಿಯಾದರೆ ಇನ್ನೂ ಅರ್ಥವಾಗುವುದಿಲ್ಲ.

ಆಗ ಬಂತು ನೋಡಿ ಸಿಟ್ಟು. ಮೂಲೆಯ ಆ ಸಾಲಿಗೆ ಕಪ್ಪು ಟೇಪು ಅಂಟಿಸಿದೆ. ನಿಜವಾಗಿಯೂ. ಟೇಪು ತೆಗೆದಾಗ ಪರದೆಗೆ ಅಂಟು ಮೆತ್ತಿಕೊಂಡು ಎರಡು ದಿನ ಒರೆಸಿದೆ.

ಸಿಟ್ಟಿನ ಜೊತೆ ಕುತೂಹಲವೂ ಬಂದು ಈ ವೇಗದ ವಿಷಯ ಸ್ವಲ್ಪ ಓದಿಕೊಂಡೆ. ಬೆಲ್ಜಿಯಂನ ಮಾರ್ಕ್ ಬ್ರಿಸ್‌ಬಾರ್ಟ್ ಎಂಬ ಮನಶ್ಶಾಸ್ತ್ರಜ್ಞರು 2019ರಲ್ಲಿ 190 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ್ದಾರೆ. ಇಂಗ್ಲಿಷನ್ನು ಮನಸ್ಸಿನಲ್ಲೇ ಓದುವ ದೊಡ್ಡವರ ಸರಾಸರಿ, ಕತೆಯಲ್ಲದ ಬರಹಕ್ಕೆ ನಿಮಿಷಕ್ಕೆ 238 ಪದ. ಕತೆ ಕಾದಂಬರಿಯಾದರೆ 260. ಗಟ್ಟಿಯಾಗಿ ಓದಿದರೆ 183. ಕತೆಯಲ್ಲಿ ಯಾಕೆ ಜಾಸ್ತಿ? ಕತೆಯ ಪದಗಳು ಗಿಡ್ಡ ಅನ್ನುವುದು ಅವರ ಉತ್ತರ. ಹಾಗಾದರೆ ಕನ್ನಡದ ಗತಿ ಏನು? "ಹೋಗಬೇಕಾಗಿತ್ತಂತೆ" ನಮಗೆ ಒಂದು ಪದ, ಇಂಗ್ಲಿಷಿನವರಿಗೆ ಅರ್ಧ ಸಾಲು. ನಿಮಿಷಕ್ಕೆ ಇಷ್ಟು ಪದ ಅನ್ನುವ ಅಳತೆ ಹಿಡಿದು ಕನ್ನಡದವರು ಕೊರಗುವುದರಲ್ಲಿ ಅರ್ಥವೇ ಇಲ್ಲ.

ನನಗೆ ನಾಟಿದ್ದು ಇನ್ನೊಂದು ವಿಷಯ. ಓದುವಾಗ ಕಣ್ಣು ನೇರ ಮುಂದೆ ಹೋಗುವುದಿಲ್ಲ, ಕುಪ್ಪಳಿಸುತ್ತದೆ. ಆ ಕುಪ್ಪಳಿಕೆಗಳಲ್ಲಿ ನೂರಕ್ಕೆ 10-15 ಹಿಂದಕ್ಕೆ ಇರುತ್ತವಂತೆ. ಎಲಿಜಬೆತ್ ಶಾಟರ್, ಕೀತ್ ರೇನರ್ ಎಂಬ ಸಂಶೋಧಕರಿದ್ದ ತಂಡ 2014ರಲ್ಲಿ ಒಂದು ಪರೀಕ್ಷೆ ಮಾಡಿತು. ಓದಿ ಮುಂದೆ ಹೋದ ಪದ ಹಿಂದಿನಿಂದ ಮುಚ್ಚಿಹೋಗುವ ಹಾಗೆ ಮಾಡಿ, ಹಿಂದಿರುಗಿ ನೋಡಲು ಬಿಡಲಿಲ್ಲ. ಅರ್ಥವಾಗುವುದು ಕಡಿಮೆಯಾಯಿತು. ಒಂದೊಂದೇ ಪದವನ್ನು ಪಟಪಟ ತೋರಿಸುವ ಆ್ಯಪ್‌ಗಳ ಕತೆಯೂ ಇದೇ. ಅಂಥದ್ದೊಂದನ್ನು ಫೋನಿನಲ್ಲಿ ಹಾಕಿ ನೋಡಿದ್ದೆ. ಕನ್ನಡದ ಒತ್ತಕ್ಷರಗಳು ಮಿಣುಕುಹುಳದ ಹಾಗೆ ಮಿಣುಕಿ ತಲೆ ತಿರುಗಿತು. ಅದೇ ಸಂಜೆ ಅಳಿಸಿ ಹಾಕಿದೆ.

ಇಲ್ಲಿ ಯಂತ್ರದ ನಿಜವಾದ ದೋಷ ಬರುತ್ತದೆ, ಮೂಲೆಯ ಸಾಲಿಗಿಂತ ದೊಡ್ಡದು. ಹಿಂದೆ ಹೋಗುವುದು ಇದರಲ್ಲಿ ಕಿರಿಕಿರಿ. ಕಾಗದದ ಪುಸ್ತಕದಲ್ಲಿ ಹಿಂದಿನ ಅಧ್ಯಾಯಕ್ಕೆ ಬೆರಳು ಸಿಕ್ಕಿಸಿಟ್ಟು ಮುಂದೆ ಓದುತ್ತಿದ್ದೆ. ಆ ಮಾತು ಎಡಪುಟದ ಕೆಳಗಿತ್ತು ಅಂತ ನೆನಪಿರುತ್ತಿತ್ತು. ಇದರಲ್ಲಿ ಎಡಪುಟವೂ ಇಲ್ಲ, ಬಲಪುಟವೂ ಇಲ್ಲ. ಹತ್ತು ಪುಟ ಹಿಂದೆ ಹೋಗಲು ಹತ್ತು ಸಲ ಒತ್ತಬೇಕು, ನಡುನಡುವೆ ಪರದೆ ಕಪ್ಪಾಗಿ ಬೆಳ್ಳಗಾಗುತ್ತದೆ. ಅಷ್ಟರಲ್ಲಿ "ಇರಲಿ ಬಿಡು" ಅನಿಸುತ್ತದೆ. ಆ ಇರಲಿ ಬಿಡುವಿನಲ್ಲೇ ನಡುಮನೆ ಸೊಸೆ ಸತ್ತದ್ದು. ಕನ್ನಡ ಅಕ್ಷರ ದೊಡ್ಡದು ಮಾಡಿಕೊಂಡರೆ ಸಾಲಿಗೆ ನಾಲ್ಕೈದು ಪದ ಬಂದು ನಡುವೆ ಬಾಗಿಲಿನಷ್ಟು ಜಾಗ ಬೀಳುತ್ತದೆ, ಅದು ಬೇರೆ.

ಹಾಗಂತ ನಿಧಾನವೇ ಬೆಲ್ಲ ಅಂತ ನಾನು ಹೇಳುವುದಿಲ್ಲ. ಟೇಪು ಅಂಟಿಸಿದ ಮೇಲೆ ಹಟಕ್ಕೆ ಬಿದ್ದು ಒಂದು ದಪ್ಪ ಕಾದಂಬರಿಯನ್ನು ದಿನಕ್ಕೆ ಐದೇ ಪುಟದ ಹಾಗೆ ಓದಿದೆ. ನಾಲ್ಕು ತಿಂಗಳು. ಯಾರು ಯಾರ ದಾಯಾದಿ ಅನ್ನುವುದೇ ಮರೆತು ಹೋಗುತ್ತಿತ್ತು. ಪ್ರತಿ ಸಂಜೆ ಗುರುತಿಲ್ಲದ ನೆಂಟರ ಮನೆಗೆ ಹೋಗಿ ಕೂತ ಹಾಗೆ. ಅಂಥ ಪುಸ್ತಕಕ್ಕೆ ರಜೆ ಹಾಕಿ ಮೂರು ದಿನದಲ್ಲಿ ಮುಗಿಸುವುದೇ ಸರಿ. ಪತ್ತೇದಾರಿಯಂತೂ ಓಡುತ್ತಲೇ ಓದಬೇಕು, ನಿಂತು ಯೋಚಿಸಿದರೆ ಕೊಲೆಗಾರನ ಬದಲು ಬರೆದವರ ತಪ್ಪುಗಳು ಕಾಣುತ್ತವೆ! ನಮ್ಮ ದೇವಿಮನೆ ಘಟ್ಟದಲ್ಲಿ ಬಸ್ಸು ತಿರುವಿಗೊಂದು ಗೇರು ಹಾಕುವುದಿಲ್ಲವೇ, ಹಾಗೆ. ಕುಮಟಾ ಮುಟ್ಟುವವರೆಗೂ ಒಂದೇ ಗೇರಿನಲ್ಲಿ ಹೋಗುವ ಡ್ರೈವರನ್ನು ನಾನು ಕಂಡಿಲ್ಲ. ಯಂತ್ರದ ಲೆಕ್ಕ ಮಾತ್ರ ನನ್ನ ಸರಾಸರಿಯೊಂದನ್ನೇ ಹಿಡಿದು ಎಲ್ಲ ಪುಸ್ತಕಕ್ಕೂ ನಿಮಿಷ ಹಂಚುತ್ತದೆ.

ಒಂದು ದಿನ ಮಗಳು ನೋಡಿ ನಕ್ಕಳು. "ಅಪ್ಪಾ, ಆ ಮೂಲೆ ಮೇಲೆ ಸುಮ್ನೆ ಒತ್ತು, ಹೋಗುತ್ತದೆ." ಒತ್ತಿದೆ. ನಿಮಿಷ ಹೋಗಿ ಪುಟದ ಸಂಖ್ಯೆ ಬಂತು. ಮತ್ತೆ ಒತ್ತಿದೆ. ಖಾಲಿ. ಒಂದು ವರ್ಷ ಟೇಪು ಅಂಟಿಸಿಕೊಂಡಿದ್ದ ಮನುಷ್ಯ ನಾನು.

ಹೊಗಳಬೇಕಾದ್ದು ಆಮೇಲೆ ಆಯಿತು. ಅಡಿಕೆ ಗೊನೆ ಕೊಯ್ಯುವ ಕಾಲ. ಹಸಿ ಅಡಿಕೆಯನ್ನು ಅದೇ ರಾತ್ರಿ ಸುಲಿಯಬೇಕು, ಮರುದಿನ ಬೇಯಿಸಲಿಕ್ಕೆ. ಸುಲಿಯುವ ಯಂತ್ರ ಬಂದಿದ್ದರೂ ನಮ್ಮಂಥ ಸಣ್ಣ ತೋಟದವರು ಇನ್ನೂ ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯುವ ಮೆಟ್ಟುಗತ್ತಿಯವರೇ. ಅಕ್ಕಪಕ್ಕದ ಎರಡು ಮನೆಯವರು ಮುಯ್ಯಾಳಿಗೆ ಬಂದಿದ್ದರು, ಇವತ್ತು ಅವರು ನಮಗೆ, ನಾಳೆ ನಾವು ಅವರಿಗೆ. ನನ್ನ ಹೆಬ್ಬೆರಳಿಗೆ ಕತ್ತಿ ತಾಗಿ ಪಟ್ಟಿ ಕಟ್ಟಿತ್ತು, ಆದ್ದರಿಂದ ಸುಮ್ಮನೆ ಕೂತು ಯಂತ್ರ ಹಿಡಿದಿದ್ದೆ. ಆಯಿ, ಅಂದರೆ ನನ್ನ ಅಮ್ಮ, ನೋಡಿ ನೋಡಿ, "ಒಬ್ಬನೇ ಎಂತ ಓದ್ತೆ, ಗಟ್ಟಿಯಾಗಿ ಓದು" ಅಂದಳು. ಓದಿದೆ. ಎರಡು ಪುಟ ಆಗುವಷ್ಟರಲ್ಲಿ ಮತ್ತೆ ಆಯಿ. "ಎಂತಕ್ಕೆ ಓಡ್ತೆ ತಮಾ? ಬಸ್ಸು ಬಂತಾ?"

ಗಟ್ಟಿಯಾಗಿ ಓದುವಾಗ ಜಾರಲಿಕ್ಕೆ ಆಗುವುದಿಲ್ಲ. ಪ್ರತಿ ಪದವೂ ಬಾಯಿಗೆ ಬರಲೇಬೇಕು. ಅದಕ್ಕಿಂತ ದೊಡ್ಡ ಸಂಗತಿ, ಎದುರಿಗೆ ಅಳತೆ ಇತ್ತು. ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಟಪ್ ಟಪ್ ಸದ್ದು. ವರ್ಣನೆ ಬಂದರೆ ಆ ಸದ್ದು ಒಂದೇ ಸಮನೆ. ಮಾತುಕತೆ ಬಂದರೆ ಸ್ವಲ್ಪ ಚುರುಕು. ಯಾರಾದರೂ ಮುಚ್ಚಿಟ್ಟ ಕಾಗದ ಸಿಕ್ಕಿತು ಅನ್ನುವ ಜಾಗಕ್ಕೆ ಬಂದರೆ ಸದ್ದು ನಿಂತೇ ಹೋಗುತ್ತದೆ. ಎಂಟು ಮೆಟ್ಟುಗತ್ತಿ ಒಟ್ಟಿಗೆ ಸುಮ್ಮನಾಗುವುದನ್ನು ನೀವು ಒಮ್ಮೆ ಕೇಳಬೇಕು. ಅಂಥ ಕಡೆ ನಾನೂ ತಾನಾಗಿ ಒಂದು ಉಸಿರು ನಿಲ್ಲಿಸಲು ಕಲಿತೆ. ತಾಳಮದ್ದಳೆಯಲ್ಲಿ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಿದರೂ ಇವರೇ ಕೂತು ಕೇಳುತ್ತಾರಲ್ಲ, ಮುಂದಿನ ಕತೆ ಬಾಯಿಪಾಠ ಇದ್ದರೂ. ಎಷ್ಟು ನಿಮಿಷ ಉಳಿಯಿತು ಅಂತ ಅಲ್ಲಿ ಯಾರೂ ಕೇಳಿದ್ದಿಲ್ಲ.

ಮೂರನೇ ರಾತ್ರಿ ನಡುಮನೆ ಸೊಸೆಯ ಕಾದಂಬರಿಯನ್ನೇ ತೆಗೆದೆ. ಬಾವಿಕಟ್ಟೆಯ ಕೊಡದ ಸಾಲು ಓದಿ ನಾಟಿಯ ಸಾಲಿಗೆ ಹೋಗುವ ಮೊದಲೇ ಪಕ್ಕದ ಮನೆ ಅತ್ತೆ, "ಅಯ್ಯೋ" ಅಂದರು. ಮೆಟ್ಟುಗತ್ತಿ ಎಲ್ಲ ನಿಂತವು. ನಾನು ಕಂಡೇ ಇರದಿದ್ದ ಸಾಲು. ಆ ರಾತ್ರಿ ಸುಲಿದ ಅಡಿಕೆ ಲೆಕ್ಕಕ್ಕೆ ಎರಡು ಡಬ್ಬ ಕಮ್ಮಿ ಬಂತು.

ಯಂತ್ರ ಇಲ್ಲಿ ಗೆದ್ದಿತು, ಒಪ್ಪಬೇಕು. ಅಡಿಕೆ ಚೊಗರು ಮೆತ್ತಿದ ಕೈ ತಾಗಿದರೂ ಒರೆಸಿದರೆ ಹೋಗುತ್ತದೆ. ಬೆಳಕು ಮಂದ ಇದ್ದರೂ ನಡೆಯುತ್ತದೆ. ಅಕ್ಷರ ದೊಡ್ಡದು ಮಾಡಿಕೊಂಡರೆ ಗಟ್ಟಿ ಓದಿಗೆ ಅನುಕೂಲ. ಸಾಲಿಗೆ ನಾಲ್ಕೇ ಪದ ಅಂತ ಬೈದಿದ್ದೆನಲ್ಲ, ಅದೂ ಈಗ ಉಸಿರಿಗೆ ಸರಿಹೊಂದುತ್ತದೆ.

ಹಾಗಾಗಿ ಐದಕ್ಕೆ ಮೂರೂವರೆ. ಮಳೆ ಊರಿನವರು ಧೈರ್ಯವಾಗಿ ಕೊಳ್ಳಿ, ಆದರೆ ಮೊದಲ ದಿನವೇ ಆ ಎಡಮೂಲೆಯ ಮೇಲೆ ಎರಡು ಸಲ ಒತ್ತಿ. ಹಿಂದೆ ಮುಂದೆ ಹೋಗಿ ಓದುವಂಥ ಕಾದಂಬರಿಯಿದ್ದರೆ ಕಾಗದದ್ದೇ ತನ್ನಿ, ಬೂಷ್ಟು ಹಿಡಿದರೂ ಅಡ್ಡಿಯಿಲ್ಲ. ಬಸ್ಸಿನಲ್ಲಿ ಈಗ ನಾನು ಪತ್ತೇದಾರಿ ಮಾತ್ರ ಓದುತ್ತೇನೆ. ರಾತ್ರಿಯ ಕಾದಂಬರಿ ಅದೇ ಯಂತ್ರದಲ್ಲಿ, ಅದೇ ಕೈಯಲ್ಲಿ ಇರುತ್ತದೆ. ತೆರೆಯುವ ಹಾಗಿಲ್ಲ. "ನೀ ಒಬ್ಬನೇ ಮುಂದೆ ಓದಲಾಗ" ಅಂತ ಆಯಿ ಹೇಳಿದ್ದಾಳೆ.